ಸಂಜೆಯ ಹಾಜರಿ

ಪಶ್ಚಿಮ ಯುಗಾಂಡ
12 ಫೆಬ್ರುವರಿ 2024

ಪ್ರೀತಿಯ ಶಹರಬಾನು,

ಅಕ್ಷರ ನೋಡಿಯೇ ನಿನಗೆ ಗುರುತು ಸಿಕ್ಕಿರಬಹುದು. ಚನ್ನಗಿರಿ ಕಾಲೇಜಿನಲ್ಲಿ ನನ್ನ ನೋಟ್ಸನ್ನು ನನಗೇ ಓದಿ ಹೇಳುತ್ತಿದ್ದವಳು ನೀನು. ನಾನು ಪುಷ್ಪಾವತಿ.

ಹೋದ ತಿಂಗಳು ಬೆಂಗಳೂರಿನಿಂದ ಹೊರಡುವ ಮುನ್ನ ನಮ್ಮ ಕ್ಲಾಸಿನ ಹಾಲಸ್ವಾಮಿ ಸಿಕ್ಕಿದ್ದ. ನೀನು ನ್ಯಾಮತಿ ಹತ್ತಿರದ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೀಯ ಎಂದು ಹೇಳಿ ಅದರ ಇ-ಮೇಲ್ ವಿಳಾಸ ಕೊಟ್ಟ. ನಿನ್ನ ಫೋನ್ ನಂಬರನ್ನೂ ಕೊಟ್ಟ. ಫೋನ್ ಮಾಡುವ ಧೈರ್ಯ ಬರಲಿಲ್ಲ. ಈ ಪುಟಗಳನ್ನು ಕೈಯಲ್ಲಿ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿಸುತ್ತೇನೆ. ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಹತ್ತು ವಾರಕ್ಕೆಂದು ಇಲ್ಲಿಗೆ ಬಂದಿದ್ದೇನೆ. ಕಾಂಗೊದ ಗಲಭೆಗೆ ಹೆದರಿ ಗಡಿ ದಾಟಿ ಬಂದವರ ವಸತಿ ಇದು. ಮಣ್ಣಿನ ಮನೆಗಳು, ತಗಡಿನ ಮಾಡು, ಪ್ರತಿ ಮನೆಗೂ ಅಂಗೈಯಗಲದ ಹಿತ್ತಲು. ನಮ್ಮ ಕೋರ್ಸಿನ ಹೆಸರು ‘ಸೇವೆಯ ಮೂಲಕ ನಾಯಕತ್ವ’. ಇದು ನಾಲ್ಕನೆಯ ಸಲ. ಏನು ಕೆಲಸ ಎಂದು ಕೇಳುತ್ತೀಯಾ? ಮನೆಗಳ ಹಿಂದೆ ಬಚ್ಚಲ ನೀರಿಗೆ ಇಂಗುಗುಂಡಿ ತೋಡುತ್ತೇವೆ. ನಗಬೇಡ. ಮೂವತ್ಮೂರು ವರ್ಷ ಆದಮೇಲೂ ನನಗೆ ಚೆನ್ನಾಗಿ ಗೊತ್ತಿರುವ ಕೆಲಸ ಅದೊಂದೇ.

ಗುದ್ದಲಿಯ ಸದ್ದು ಕೇಳಿದಾಗಲೆಲ್ಲ ನನಗೆ ಜಗಳೂರಿನ ಶಿಬಿರ ನೆನಪಾಗುತ್ತದೆ. ಎನ್ನೆಸ್ಸೆಸ್‌ನ ಹತ್ತು ದಿನ. ಗುದ್ದಲಿ ಪುಟಿದು ಬರುತ್ತಿದ್ದ ಆ ಗರಸು ನೆಲ. ನಿನ್ನ ಅಪ್ಪ ನಬೀಸಾಬರು ತಮ್ಮ ರಿಪೇರಿ ಅಂಗಡಿಯಿಂದ ಕೊಟ್ಟು ಕಳಿಸಿದ್ದ ಎರಡು ಗ್ಯಾಸ್‌ಲೈಟು. ಶಾಲೆಯ ಜಗುಲಿ ಮೇಲೆ ನಾವು ಇಪ್ಪತ್ತು ಹುಡುಗಿಯರು ಸಾಲಾಗಿ ಕೂತು ಕೈಯ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ನೀನು ಎಲ್ಲರ ಬೊಬ್ಬೆ ನೋಡಿ ಯಾರು ನಿಜವಾಗಿ ತೋಡಿದ್ದಾರೆ, ಯಾರು ಬರೀ ಗುದ್ದಲಿ ಹಿಡಿದು ನಿಂತಿದ್ದರು ಎಂದು ಹೇಳುತ್ತಿದ್ದೆ.

ಈಗ ಬರೆಯುತ್ತಿರುವ ಕಾರಣ ಬೇರೆ. ನಮ್ಮಲ್ಲಿ ಅರುಣ್ ಕುಮಾರ್ ಎಂಬ ಹುಡುಗ ಇದ್ದಾನೆ, ಸಂತೇಬೆನ್ನೂರಿನವನು. ಇಲ್ಲಿನವರ ಮನೆಯಲ್ಲಿ ನಾವು ಊಟ ಮಾಡುವಂತಿಲ್ಲ. ಅವರಿಗೆ ಅಳೆದು ಕೊಟ್ಟ ಹಿಟ್ಟಿನಲ್ಲಿ ನಮ್ಮ ತುತ್ತು ಸೇರಬಾರದು ಎಂದು ನಾನೇ ಬರೆದ ನಿಯಮ. ಐದು ಗಂಟೆಗೆ ಹಾಜರಿ, ಕೂಡಲೇ ವ್ಯಾನು ಹೊರಡಬೇಕು. ಅದು ಇಲ್ಲಿನ ಭದ್ರತೆಯವರ ನಿಯಮ. ಹೋದ ಬುಧವಾರ ಅರುಣ್ ಫುರಾಹಾ ಎಂಬ ಹೆಂಗಸಿನ ಮನೆಗೆ ಊಟಕ್ಕೆ ಹೋದ. ಸಂಜೆಯ ಹಾಜರಿಗೆ ಇರಲಿಲ್ಲ. ಬಂದದ್ದು ಆರೂವರೆಗೆ. ಅಷ್ಟರಲ್ಲಿ ವಿಷಯ ಬೆಂಗಳೂರಿಗೂ ಮುಟ್ಟಿತ್ತು. ಅವನನ್ನು ಕೆಲಸದಿಂದ ನಿಲ್ಲಿಸಿ, ನಾವು ಇಲ್ಲಿ ಉಳಿದುಕೊಂಡಿರುವ ಹಾಸ್ಟೆಲ್‌ನಲ್ಲಿ ಕೂರಿಸಿದ್ದೇನೆ. ಏಪ್ರಿಲ್ ಹದಿನೈದರೊಳಗೆ ನಾನು ವರದಿ ಕೊಡಬೇಕು. ಅದರ ಮೇಲೆ ಅವನ ಕ್ಷೇತ್ರಕಾರ್ಯದ ಅಂಕ ನಿಂತಿದೆ. ಅಂಕ ಇಲ್ಲದಿದ್ದರೆ ಈ ವರ್ಷ ಪದವಿ ಇಲ್ಲ.

ನಿನ್ನನ್ನು ಶಿಬಿರದಿಂದ ಮನೆಗೆ ಕಳಿಸಿದ್ದು ಇಂಥದೇ ಕಾರಣಕ್ಕೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇಂಥ ಹುಡುಗನನ್ನು ಏನು ಮಾಡಬೇಕು?

ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಸಂತೋಷ.

ನಿನ್ನ
ಪುಷ್ಪಾವತಿ


ನ್ಯಾಮತಿ
26 ಫೆಬ್ರುವರಿ 2024

ಪುಷ್ಪಾವತಿಯವರಿಗೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಗ್ರಂಥಾಲಯದ ಪ್ರಿಂಟರು ಕೆಟ್ಟಿರುವುದರಿಂದ ಹೊನ್ನಾಳಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೂರು ಸಲ ಓದಿದೆ. ದಿನಾ ಪೇಪರ್ ಓದಲು ಬರುವ ಓಂಕಾರಪ್ಪನವರು, “ಏನ್ ಮೇಡಂ, ಕೋರ್ಟ್ ನೋಟೀಸ್ ಬಂದೈತೇನ್ರೀ?” ಎಂದು ಕೇಳಿದರು. ಇಲ್ಲ ಎಂದೆ.

ನೀವು ಕೇಳಿದ್ದಕ್ಕೆ ಉತ್ತರ ನನ್ನಲ್ಲಿಲ್ಲ. ನನ್ನಲ್ಲಿರುವುದು ಒಂದು ಪ್ರಶ್ನೆ.

ಆ ಹುಡುಗ ಊಟಕ್ಕೆ ಹೋದ ಎಂದು ಬರೆದಿದ್ದೀರಿ. ಹಾಜರಿಗೆ ಇರಲಿಲ್ಲ ಎಂದು ಬರೆದಿದ್ದೀರಿ. ಯಾರನ್ನೂ ಕೇಳದೆ ಹೋದ ಎಂದು ಎಲ್ಲಿಯೂ ಬರೆದಿಲ್ಲ. ನಾಲ್ಕು ಪುಟದಲ್ಲಿ ಆ ಒಂದು ಮಾತು ಬಿಟ್ಟುಹೋಗಿದೆ. ಶಿಬಿರದ ಹಾಜರಿ ಪುಸ್ತಕದಲ್ಲೂ ಹುಡುಗಿಯರ ತಂಡದ ನಾಯಕಿಯಾಗಿ ನೀವು ಹೀಗೆಯೇ ಬರೆದಿರಿ: “ಶಹರಬಾನು, ಸಂಜೆಯ ಹಾಜರಿಗೆ ಇರಲಿಲ್ಲ.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಧ್ಯಾಹ್ನ ನಾನು ನಿಮ್ಮನ್ನು ಕೇಳಿದ್ದೆ, ನೀವು “ಹೋಗಿ ಬಾ, ಬೇಗ ಬಾ” ಎಂದಿದ್ದಿರಿ. ಅದನ್ನು ಬರೆಯಲು ಪುಸ್ತಕದಲ್ಲಿ ಜಾಗ ಇರಲಿಲ್ಲವೇನೋ. ಶಿಬಿರದ ರಂಗನಾಥ್ ಮೇಷ್ಟ್ರು ಎಲ್ಲರ ಎದುರು ನಿಮ್ಮನ್ನು ಕೇಳಿದಾಗಲೂ ನೀವು ನೆಲ ನೋಡುತ್ತಿದ್ದಿರಿ. ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನು ಹತ್ತಿಸಿದರು.

ಆ ಸಂಜೆ ಏನಾಯಿತೆಂದು ನೀವು ಎಂದೂ ಕೇಳಲಿಲ್ಲ. ನಮ್ಮ ಅಡುಗೆ ಬೇರೆ, ನಮ್ಮ ನೀರು ಬೇರೆ ಇಟ್ಟುಕೊಂಡಿದ್ದೆವಲ್ಲ. ಒಂದು ಕೇರಿಯಲ್ಲಿ ಉಂಡರೆ ಇನ್ನೊಂದು ಕೇರಿಯವರು ಬಾವಿಗೆ ಬಿಡುವುದಿಲ್ಲ ಎಂದು ಮೇಷ್ಟ್ರಿಗೆ ಹೆದರಿಕೆ. ನಾನು ಗುಂಡಿ ತೋಡುತ್ತಿದ್ದ ಕೇರಿಯ ಉಚ್ಚಂಗೆಮ್ಮ ತನ್ನ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟು: “ಐದು ದಿನ ಆತು ನಮ್ಮನೆ ಮುಂದೆ ಗುಂಡಿ ತೋಡಾಕೆ ಹತ್ತಿ. ಒಂದು ಲೋಟ ನೀರು ಇಸ್ಕಂಡಿಲ್ಲ. ಮುಟ್ಟಬಾರದೋರು ನಾವಾ, ನೀವಾ?” ನಾನು ಸಾಬರ ಹುಡುಗಿ ಎಂದೆ. “ಸಾಬರಿಗೆ ಹೊಟ್ಟೆ ಇರಾಕಿಲ್ವಾ? ಒಳಗೆ ಬಾ” ಎಂದಳು. ರಾಗಿಮುದ್ದೆ, ಹುರುಳಿಸಾರು. ಆ ರುಚಿ ಈಗಲೂ ನೆನಪಿದೆ.

ಅವನು ನಿಮ್ಮನ್ನು ಕೇಳಿಯೇ ಹೋಗಿದ್ದನೇ?

ಇಂತಿ,
ಶಹರಬಾನು


ಪಶ್ಚಿಮ ಯುಗಾಂಡ
20 ಮಾರ್ಚ್ 2024

ಶಹರಬಾನು,

ಮೂರು ವಾರ ನಿನ್ನ ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ.

ಹೌದು. ಕೇಳಿಯೇ ಹೋಗಿದ್ದ.

ಬೆಳಿಗ್ಗೆ ಗುಂಡಿಯ ಹತ್ತಿರ ನಿಂತಿದ್ದೆ. ಬಂದು, “ಮೇಡಂ, ಆಯಮ್ಮ ಮೂರು ಸಲ ಊಟಕ್ಕೆ ಕರೆದೈತೆ. ಇವತ್ತೂ ಒಲ್ಲೆ ಅಂದ್ರೆ ಚೆನ್ನಾಗಿರಲ್ಲ. ಹೋಗಿ ಬರ್ಲಾ?” ಎಂದ. “ಐದರೊಳಗೆ ಬಂದುಬಿಡಪ್ಪ” ಎಂದೆ. ಹಾಗೆ ಹೇಳಿದ್ದು ನಾನೇ. ನಿಯಮ ಬರೆದವಳೂ ನಾನೇ. ಆದರೆ ಅವನ ಮುಖದಲ್ಲಿ ಊರಿನ ಹುಡುಗರಿಗಿರುವ ಆ ಸಂಕೋಚ ಇತ್ತು, ಕರೆದವರ ಮನೆಗೆ ಹೋಗದಿದ್ದರೆ ಹೇಗೆ ಎನ್ನುವುದು. ಬೇಡ ಎನ್ನಲಾಗಲಿಲ್ಲ.

ತಡವಾದದ್ದಕ್ಕೆ ಅವನನ್ನು ದೂರುವ ಹಾಗಿಲ್ಲ. ಫುರಾಹಾಳ ಅತ್ತೆ ನೀರಿನ ಸಾಲಿನಲ್ಲಿ ನಿಂತಿದ್ದಳಂತೆ. ಹಿರಿಯಳು ಬಂದು ಕೂರುವ ತನಕ ಅಲ್ಲಿ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಎದ್ದು ಬಂದಿದ್ದರೆ ಊಟ ಬಿಟ್ಟು ಎದ್ದಂತಾಗುತ್ತಿತ್ತು. ಇವನು ಕೂತಿದ್ದಾನೆ. ಜೋಳದ ಹಿಟ್ಟಿನ ಪೋಶೊ ಎನ್ನುತ್ತಾರೆ, ನೋಡಲು ನಮ್ಮ ಮುದ್ದೆಯ ಹಾಗೆಯೇ, ಬಿಳಿ. ಇವನು ಊರಿನ ಅಭ್ಯಾಸದಲ್ಲಿ ಅಗಿಯದೆ ನುಂಗಿದನಂತೆ. ಮಕ್ಕಳು ಬಿದ್ದು ಬಿದ್ದು ನಕ್ಕು, ಇನ್ನೊಮ್ಮೆ ನುಂಗು, ಇನ್ನೊಮ್ಮೆ ನುಂಗು ಎಂದು ತಟ್ಟೆಗೆ ಹಾಕಿಸಿದರಂತೆ.

ಆರೂವರೆಗೆ ಅವನು ಬರುವಾಗ ಫುರಾಹಾ ಜೊತೆಗೇ ಬಂದಳು. ನಮ್ಮ ದುಭಾಷಿಯನ್ನು ನಿಲ್ಲಿಸಿಕೊಂಡು ನನಗೆ ಹೇಳಿದಳು: “ನೀವು ಇಪ್ಪತ್ತು ದಿನದಿಂದ ನನ್ನ ಮನೆಗೆ ಬರುತ್ತಿದ್ದೀರಿ. ನನ್ನ ಗಂಡ ಹೇಗೆ ಸತ್ತ ಎಂದು ಕೇಳಿ ಬರೆದುಕೊಂಡಿರಿ. ಮನೆಗೆ ಬಂದು ಏನೂ ತಿನ್ನದೆ ಹೋಗುವವರೆಂದರೆ ನಮಗೆ ಗೊತ್ತಿರುವುದು ಪೊಲೀಸರು. ಈ ಹುಡುಗನೊಬ್ಬನೇ ಮನುಷ್ಯರ ಹಾಗೆ ಬಂದ. ಇವನನ್ನು ಬೈಯಬೇಡಿ.” ನಾನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭದ್ರತೆಯವರು ಫೋನನ್ನು ನನ್ನ ಕೈಗೆ ಕೊಟ್ಟರು. ಅವನಿಗೆ ಅನುಮತಿ ಇತ್ತೇ ಎಂದು ಬೆಂಗಳೂರಿನವರು ಕೇಳಿದಾಗ, “ವಿಚಾರಿಸುತ್ತೇನೆ” ಎಂದೆ.

ಏಕೆ ಎಂದು ನೀನು ಕೇಳುವುದಿಲ್ಲ, ಗೊತ್ತು. ನಾನೇ ಹೇಳುತ್ತೇನೆ. ನಾನು ನಿಯಮ ಮುರಿದೆ ಎಂದು ತಿಳಿದರೆ ಈ ಕೋರ್ಸನ್ನು ನನ್ನಿಂದ ತೆಗೆದುಕೊಳ್ಳುತ್ತಾರೆ. ಇದನ್ನು ಕಟ್ಟಲು ಏಳು ವರ್ಷ ಓಡಾಡಿದ್ದೇನೆ. ಬದುಕಿನಲ್ಲಿ ನಾನು ಮಾಡಿದ್ದೆಂದು ಹೇಳಿಕೊಳ್ಳಲು ಇರುವುದು ಇದೊಂದು.

ಅರುಣ್ ಯಾರಿಗೂ ಹೇಳಿಲ್ಲ. “ತಪ್ಪು ನಂದೇ ಸಾರ್” ಎಂದು ಬೆಂಗಳೂರಿನವರಿಗೆ ಬರೆದುಕೊಟ್ಟಿದ್ದಾನೆ. ಊಟದ ಟೇಬಲ್ಲಿನಲ್ಲಿ ಎದುರೇ ಕೂರುತ್ತಾನೆ. ನೀರಿನ ಜಗ್ಗನ್ನು ಮೊದಲು ನನ್ನ ಕಡೆಗೆ ಸರಿಸುತ್ತಾನೆ. ಅದೇ ನನಗೆ ತಡೆಯಲಾಗುತ್ತಿಲ್ಲ.

ಏನು ಬರೆಯಲಿ ಹೇಳು.

ಪುಷ್ಪಾವತಿ


ನ್ಯಾಮತಿ
2 ಏಪ್ರಿಲ್ 2024

ಪುಷ್ಪಾವತಿಯವರಿಗೆ,

ನಾನು ಪುಸ್ತಕಗಳನ್ನು ಕೊಟ್ಟು ವಾಪಸು ತೆಗೆದುಕೊಳ್ಳುವವಳು. ವರದಿ ಹೇಗೆ ಬರೆಯಬೇಕೆಂದು ನನಗೆ ಗೊತ್ತಿಲ್ಲ.

ಆ ಹುಡುಗ ಏಕೆ ಹೇಳಲಿಲ್ಲ ಎಂಬುದನ್ನು ಮಾತ್ರ ಬಲ್ಲೆ. ನಾನೂ ಹೇಳಲಿಲ್ಲ. ಶಿಬಿರದಿಂದ ಬಂದ ದಿನ ಅಪ್ಪ ಅಂಗಡಿಯಲ್ಲಿ ಸ್ಟೌ ಬಿಚ್ಚಿಕೊಂಡು ಕೂತಿದ್ದರು. “ಯಾಕವ್ವ, ಇನ್ನೂ ನಾಕು ದಿನ ಐತಲ್ಲ?” ಎಂದರು. ಕೇಳದೆ ಹೊರಗೆ ಹೋಗಿದ್ದಕ್ಕೆ ಕಳಿಸಿದರು ಎಂದೆ. ನಿಮ್ಮ ಹೆಸರು ಹೇಳಿದರೆ ನೀವು ನನ್ನನ್ನು ಬಿಟ್ಟುಕೊಟ್ಟಿರಿ ಎಂದು ಒಪ್ಪಿಕೊಂಡಂತಾಗುತ್ತಿತ್ತು. ನೀವು ಬಂದು ನೀವಾಗಿಯೇ ಹೇಳುತ್ತೀರಿ ಎಂದುಕೊಂಡಿದ್ದೆ. ಒಂದು ವಾರ ಕಾದೆ. ಆಮೇಲೆ ಕಾಯುವುದು ಬಿಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂತೆ.

ಅಪ್ಪ ಒಂದು ದಿನ ಅಂಗಡಿ ಮುಚ್ಚಿ, ಹಬ್ಬದ ಅಂಗಿ ಹಾಕಿಕೊಂಡು ಕಾಲೇಜಿಗೆ ಹೋಗಿದ್ದರು. ಮಗಳ ಹೆಸರನ್ನು ಆ ಪುಸ್ತಕದಿಂದ ತೆಗೆಯಿರಿ, ಅವಳಿಗೆ ಶಿಬಿರದ ಪ್ರಮಾಣಪತ್ರ ಕೊಡಿ ಎಂದು ಕೇಳಲು. ತಂಡದ ನಾಯಕಿ ಸಹಿ ಮಾಡಿದ್ದಾಗಿದೆ, ಆಗುವುದಿಲ್ಲ ಎಂದರಂತೆ. ಮನೆಗೆ ಬಂದು ಅಂಗಿ ಬಿಚ್ಚಿ ಮಡಿಸಿಟ್ಟರು. ಆಗ ಅವರಿಗೆ ಐವತ್ಮೂರು. ನಮಗೀಗ ಅಷ್ಟೇ ವಯಸ್ಸು.

ಆ ಪ್ರಮಾಣಪತ್ರ ಇದ್ದಿದ್ದರೆ ಬಿ.ಎಡ್. ಸೀಟು ಸಿಗುತ್ತಿತ್ತೋ ಇಲ್ಲವೋ ತಿಳಿಯದು. ನಾನು ಅರ್ಜಿಯನ್ನೇ ಹಾಕಲಿಲ್ಲ. ಅದಕ್ಕೆ ನೀವು ಕಾರಣ ಎಂದು ನಾನು ಬರೆದರೆ ಅದು ಪೂರ್ತಿ ನಿಜವಾಗುವುದಿಲ್ಲ. ಅಲ್ಲ ಎಂದರೂ ಆಗುವುದಿಲ್ಲ.

ಇಷ್ಟು ಬರೆಯಬೇಕೆಂದಿರಲಿಲ್ಲ. ಇಂದು ಗ್ರಂಥಾಲಯಕ್ಕೆ ಯಾರೂ ಬರಲಿಲ್ಲ.

ಇಂತಿ,
ಶಹರಬಾನು


ಬೆಂಗಳೂರು
24 ಏಪ್ರಿಲ್ 2024

ಪ್ರೀತಿಯ ಶಹರಬಾನು,

ವರದಿ ಕೊಟ್ಟೆ. ಒಂದೇ ಪುಟ. “ಅರುಣ್ ಕುಮಾರ್ ನನ್ನ ಅನುಮತಿ ಪಡೆದು ಹೋಗಿದ್ದರು. ಅದನ್ನು ನಾನು ಎರಡು ತಿಂಗಳು ಮುಚ್ಚಿಟ್ಟೆ.” ಸಮಿತಿಯಲ್ಲಿ ಐದು ಜನ. ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, ಎರಡನೆಯ ವಾಕ್ಯ ಬೇಕೇ ಮೇಡಂ, ಮೊದಲನೆಯದೇ ಸಾಕಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇರಲಿ ಸಾರ್ ಎಂದೆ.

ಹುಡುಗನಿಗೆ ಅಂಕ ಬಂತು. ಕೋರ್ಸು ಮುಂದಿನ ವರ್ಷದಿಂದ ಬೇರೆಯವರ ಕೈಗೆ. ಅರುಣ್ ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತು, “ಯಾಕ್ ಹೇಳಾಕೆ ಹೋದ್ರಿ ಮೇಡಂ? ನಾನಂತೂ ಬಾಯಿ ಬಿಡ್ತಿರ್ಲಿಲ್ಲ” ಎಂದ. ಬೇಜಾರು ಮಾಡಿಕೊಂಡಿದ್ದ. ಮುಂದಿನ ಸಲ ಹೋಗುವವರಿಗೆ ಊಟದ ನಿಯಮ ತಿದ್ದಿ ಎಂದು ಒಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸುತ್ತಿದ್ದಾನಂತೆ. ನಾನು ಹತ್ತು ವಾರ ಪಾಠ ಮಾಡಿದ್ದು ಏನೋ, ಇವನು ಕಲಿತದ್ದು ಎಲ್ಲೋ.

ನೀನು ಬರೆದದ್ದರಲ್ಲಿ ನಿನಗೇ ಗೊತ್ತಿಲ್ಲದ ಒಂದು ವಿಷಯ ಇದೆ. ನಿನ್ನ ಅಪ್ಪ ಕಾಲೇಜಿಗೆ ಬಂದ ದಿನ ನಾನು ಅವರನ್ನು ನೋಡಿದೆ. ಪ್ರಿನ್ಸಿಪಾಲರ ಕೋಣೆಯ ಹೊರಗೆ, ಜಗುಲಿಯ ಮೇಲೆ, ಚಪ್ಪಲಿ ಕಳಚಿಟ್ಟು ನಿಂತಿದ್ದರು. ಯಾರೂ ಕೂರಲು ಹೇಳಿರಲಿಲ್ಲ. ನಾನು ಆ ದಾರಿಯಲ್ಲೇ ಹೋಗಬೇಕಿತ್ತು. ಹತ್ತು ಹೆಜ್ಜೆ ನಡೆದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಲೈಬ್ರರಿ ಹಿಂದಿನಿಂದ ಸುತ್ತಿಕೊಂಡು ಹಿಂದಿನ ಗೇಟಿನಿಂದ ಮನೆಗೆ ಹೋದೆ.

ಅವರು ಇದ್ದಾರೆಯೇ ಎಂದು ಕೇಳಲು ಹೆದರಿಕೆ. ಇದ್ದರೆ ಹೋಗಿ ಹೇಳಬೇಕು. ನೀನು ಒಪ್ಪಿದರೆ ಮಾತ್ರ.

ನಿನ್ನ
ಪುಷ್ಪಾವತಿ


ನ್ಯಾಮತಿ
3 ಮೇ 2024

ಪುಷ್ಪಾವತಿಯವರಿಗೆ,

ಅಪ್ಪ ಇದ್ದಾರೆ. ಚನ್ನಗಿರಿಯಲ್ಲಿ ನನ್ನ ತಮ್ಮ ಇಲಿಯಾಸನ ಮನೆಯಲ್ಲಿ. ಹಳೆಯ ಅಂಗಡಿಯ ಹಿಂದಿನ ಓಣಿ. ಎಂಬತ್ತಾರು ವರ್ಷ. ಬಲಗಿವಿ ಸ್ವಲ್ಪ ಕೇಳುತ್ತದೆ, ಎಡಗಿವಿ ಇಲ್ಲ. ಹದಿನೆಂಟನೆಯ ತಾರೀಕು ಶನಿವಾರ ಹತ್ತು ಗಂಟೆಯ ಮೇಲೆ ಹೋಗಬಹುದು.

ನಾನು ಬರುವುದಿಲ್ಲ.

ಶಹರಬಾನು


ಬೆಂಗಳೂರು
20 ಮೇ 2024

ಪ್ರೀತಿಯ ಶಹರಬಾನು,

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಟಾರ್ಚು, ಬಿಚ್ಚಿ ಜೋಡಿಸುತ್ತಿದ್ದರು. “ಯಾರು?” ಎಂದರು. ಹೇಳಿದೆ. “ಗಟ್ಟಿಯಾಗಿ ಹೇಳವ್ವ, ಕೇಳಾಕಿಲ್ಲ.” ಬಲಗಿವಿಯ ಹತ್ತಿರ ಬಗ್ಗಿ ಇನ್ನೊಮ್ಮೆ ಹೇಳಿದೆ.

“ಓ, ಬಾನು ಗೆಳತಿ. ಬಾ, ಕುಂತ್ಕೋ.”

ಬಸ್ಸಿನಲ್ಲಿ ಮೆಲ್ಲಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಈಗ ಕೂಗಿ ಹೇಳಬೇಕಾಯಿತು. “ಶಿಬಿರದಲ್ಲಿ ಬಾನು ನನ್ನ ಕೇಳಿ ಹೋಗಿದ್ದಳು! ನಾನೇ ಹೋಗು ಅಂದಿದ್ದೆ! ಮೇಷ್ಟ್ರು ಕೇಳಿದಾಗ ಸುಮ್ಮನಿದ್ದೆ!” ನಿನ್ನ ನಾದಿನಿ ನಿಲೋಫರ್ ಒಳಗಿನಿಂದ ಓಡಿ ಬಂದಳು. ಎದುರು ಮನೆಯವರು ಕಿಟಕಿಗೆ ಬಂದರು. “ಏನು? ಏನಂದೆ?” ಎಂದರು ಅಪ್ಪ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದೆ. ಜಗುಲಿಯದ್ದನ್ನೂ, ಹಿಂದಿನ ಗೇಟಿನದ್ದನ್ನೂ ಕೂಗಿದೆ. ಆ ಓಣಿಯಲ್ಲಿ ಈಗ ಯಾರಿಗೂ ತಿಳಿಯದೆ ಉಳಿದಿಲ್ಲ.

“ಕೂಗಬ್ಯಾಡ, ಗೊತ್ತೈತೆ” ಎಂದರು. ಟಾರ್ಚನ್ನು ಪಕ್ಕಕ್ಕಿಟ್ಟರು. “ನಿನ್ನ ನೋಡಿದ್ದೆ ಕಣವ್ವ ಅವತ್ತು. ಲೈಬ್ರರಿ ಹಿಂದಾಸಿ ಹೋದೆ. ಏನೂ ಮಾಡಿಲ್ಲದೋರು ಹಂಗೆ ಸುತ್ತು ಹಾಕ್ಕಂಡು ಹೋಗಾಕಿಲ್ಲ. ಆಗ್ಲೇ ತಿಳೀತು ನಂಗೆ.”

“ಹಾಗಾದರೆ ಪ್ರಿನ್ಸಿಪಾಲರಿಗೆ ಯಾಕೆ ಹೇಳಲಿಲ್ಲ? ಬಾನುಗಾದರೂ ಯಾಕೆ ಹೇಳಲಿಲ್ಲ?”

“ಹೇಳಿ? ಆ ಕಾಲೇಜ್ನಾಗೆ ನನ್ ಮಗಳಿಗೆ ಇದ್ದೋಳು ನೀನೊಬ್ಬಳು. ಸರ್ಟಿಫಿಕೇಟು ಹೋದ್ರೆ ಹೋಗ್ಲಿ. ನಾನು ಬಾಯಿ ಬಿಟ್ರೆ ನೀನೂ ಹೋಗ್ತಿದ್ದೆ.”

ನಿಲೋಫರ್ ಚಹಾ ತಂದಳು. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನಗುತ್ತ, “ಆಮ್ಯಾಕೂ ಚೆನ್ನಾಗಿದ್ರಿ ಅಲ್ವಾ ಇಬ್ರೂ? ಓದ್ಕಂಡು, ಬರ್ಕಂಡು?” ಎಂದರು.

ಶಹರಬಾನು, ಎಲ್ಲವನ್ನೂ ಕೂಗಿ ಹೇಳಿದ್ದ ನನಗೆ, ಆಮೇಲೆ ನಾವಿಬ್ಬರೂ ದೂರವಾದೆವು ಎಂಬ ಈ ಒಂದನ್ನು ಹೇಳಲಾಗಲಿಲ್ಲ. ತಲೆಯಾಡಿಸಿದೆ. ಅವರು ಹೌದೆಂದು ತಿಳಿದುಕೊಂಡರು. ನಿನ್ನ ಅಪ್ಪನಿಗೆ ನಾನು ಹೇಳಿದ ಇನ್ನೊಂದು ಸುಳ್ಳು ಇದು. ತಿದ್ದಬೇಕೋ ಬೇಡವೋ ನಿನಗೆ ಬಿಟ್ಟದ್ದು.

ನಿನ್ನ
ಪುಷ್ಪಾವತಿ


ನ್ಯಾಮತಿ
29 ಮೇ 2024

ಪುಷ್ಪೀ,

ನಾನು ಅದನ್ನು ತಿದ್ದುವುದಿಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದ್ದೆ. ನನ್ನನ್ನು ಚೆನ್ನಾಗಿ ಬೈದರು. “ಆ ಹುಡುಗಿ ಒಬ್ಬಳೇ ಅಷ್ಟು ದೂರದಿಂದ ಬಂದಿತ್ತು. ನೀನೆಲ್ಲಿ ಸತ್ತಿದ್ದೆ? ಅದಕ್ಕೆ ಗಂಟ್ಲು ಬೇರೆ ಕಟ್ಟೋಗಿತ್ತು” ಎಂದರು. ನೀನು ಅವರಿಗೆ ಇನ್ನೂ ಹುಡುಗಿಯೇ. ಅವತ್ತು ಲೈಬ್ರರಿ ಹತ್ತಿರ ನಿನ್ನನ್ನು ನೋಡಿದ್ದನ್ನು ಮಾತ್ರ ನನಗೆ ಈಗಲೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಈಗ ನನ್ನದೊಂದು ಮಾತು. ನೀನು ಎಲ್ಲವನ್ನೂ ನಡೆದ ಹಾಗೆ ಬರೆದಿರುವಾಗ ನಾನು ಇದನ್ನು ಬಿಟ್ಟು ಬರೆದರೆ ಸರಿಯಲ್ಲ.

ಬರುವುದಿಲ್ಲ ಎಂದು ಬರೆದಿದ್ದೆ. ಆದರೆ ಆ ಶನಿವಾರ ಬಂದಿದ್ದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೇ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕಂಬದ ಪಕ್ಕ ನಿಂತಿದ್ದೆ. ನೀನು ಹತ್ತು ಗಂಟೆಯ ಹೊತ್ತಿಗೆ ಇಳಿದೆ. ಬೂದು ಬಣ್ಣದ ಸೀರೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚಿಲ್ಲ. ಹಣ್ಣಿನ ಗಾಡಿಯ ಹತ್ತಿರ ನಿಂತು ಮೋಸಂಬಿಯನ್ನು ಒಂದೊಂದೇ ಒತ್ತಿ ನೋಡಿದೆ. ಆಮೇಲೆ ದಾರಿ ತಪ್ಪಿ ಎಡಕ್ಕೆ ಹೋಗಿ, ಯಾರನ್ನೋ ಕೇಳಿ, ವಾಪಸು ಬಂದು ನನ್ನ ಎದುರಿನಿಂದಲೇ ದಾಟಿದೆ. ಹತ್ತು ಹೆಜ್ಜೆಯೂ ಇರಲಿಲ್ಲ. ನಾನು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಬಸ್ಸಿನ ಬೋರ್ಡ್ ಓದುತ್ತ ನಿಂತೆ.

ಕರೆಯಬೇಕೆಂದೇ ಬಂದಿದ್ದೆ. ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಪುಷ್ಪಾವತಿಯವರೇ ಎಂದು ಬಾಯಿಗೆ ಬರಲಿಲ್ಲ. ಪುಷ್ಪೀ ಎಂದು ಅಷ್ಟು ಜನರ ನಡುವೆ ಕೂಗಲು ನಾಚಿಕೆಯಾಯಿತು. ಅಷ್ಟರಲ್ಲಿ ನೀನು ಓಣಿಯೊಳಗೆ ಹೋದೆ. ನಾನು ಮುಂದಿನ ಬಸ್ಸು ಹತ್ತಿ ಹೊನ್ನಾಳಿಗೆ ಟಿಕೆಟ್ ತೆಗೆಸಿದೆ.

ಗ್ರಂಥಾಲಯಕ್ಕೆ ಸೋಮವಾರ ರಜೆ. ಜೂನ್ ಹತ್ತು ಸೋಮವಾರ. ನೀನು ಹೊನ್ನಾಳಿಯಲ್ಲಿ ಇಳಿ, ಬಸ್ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ, ಅಲ್ಲಿಂದ ಇಬ್ಬರೂ ಕೂಡಿ ಇಲ್ಲಿಗೆ ಬರೋಣ. ಈ ಸಲ ಕೂಗುತ್ತೇನೆ. ಯಾರು ತಿರುಗಿ ನೋಡಿದರೂ ನೋಡಲಿ.

ಬಾನು